ಚಿಕ್ಕ ತೊಟ್ಟಿಯ ನೀರುತೋಟಕ್ಕೆ ಗಿಡಗಳನ್ನು ಆರಿಸುವ ಬಗೆ

ತೊಟ್ಟಿಯಲ್ಲಿಯೋ ಟಬ್ಬಿನಲ್ಲಿಯೋ ನೀರುತೋಟ ಮಾಡಹೊರಟವರು ಸಾಮಾನ್ಯವಾಗಿ ಹೂವಿನ ಬಣ್ಣ ನೋಡಿ ಗಿಡ ಕೊಳ್ಳುತ್ತಾರೆ, ಆಮೇಲೆ ಅದಕ್ಕೆ ಜಾಗ ಹುಡುಕುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಂಡರೆ ಮುಂದಿನ ತೊಂದರೆಗಳಲ್ಲಿ ಬಹಳಷ್ಟು ತಪ್ಪುತ್ತವೆ. ನೀರುಗಿಡಗಳಲ್ಲಿ ಬಹುಪಾಲು ಕೆರೆ, ಹಳ್ಳ, ಜೌಗುನೆಲಗಳಲ್ಲಿ ತಡೆಯಿಲ್ಲದೆ ಹಬ್ಬಿ ಬೆಳೆಯುವ ಜಾತಿಯವು. ಅಂಥ ಗಿಡವೊಂದನ್ನು ಎರಡು ಅಡಿ ಅಗಲದ ಟಬ್ಬಿಗೆ ತಂದಿಟ್ಟರೆ ಕೆಲವೇ ತಿಂಗಳಲ್ಲಿ ಅದು ನೀರನ್ನೆಲ್ಲ ಮುಚ್ಚಿ, ಜೊತೆಯ ಗಿಡಗಳನ್ನು ಹಿಂದಿಕ್ಕಿ, ಕೊನೆಗೆ ತಾನೂ ಸೊರಗುತ್ತದೆ. ಆದ್ದರಿಂದ ಚಿಕ್ಕ ತೊಟ್ಟಿಗೆ ಗಿಡ ಆರಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಯಾವುದನ್ನು ಬಿಡಬೇಕೆಂದು ತೀರ್ಮಾನಿಸುವುದೇ ಆಗಿರುತ್ತದೆ. ಆ ತೀರ್ಮಾನಕ್ಕೆ ಮೂರು ಅಳತೆಗಳು ಕೈಯಲ್ಲಿರಬೇಕು: ತೊಟ್ಟಿಯ ಬಾಯಿಯ ಅಗಲ, ನೀರಿನ ಆಳ, ಮತ್ತು ಆ ಜಾಗದಲ್ಲಿ ನೇರ ಬಿಸಿಲು ಬೀಳುವ ಗಂಟೆಗಳು.

ಅಳತೆ ಮತ್ತು ಬಿಸಿಲು

ಈ ಮೂರರಲ್ಲಿ ಅಗಲಕ್ಕೆ ಮೊದಲ ಸ್ಥಾನ ಕೊಡಬೇಕು. ಎಲೆಗಳು ಹರಡುವುದು ನೀರಿನ ಮೇಲ್ಮೈಯಲ್ಲಿ. ಆಳವಾದ, ಆದರೆ ಬಾಯಿ ಕಿರಿದಾದ ಪಾತ್ರೆಯಲ್ಲಿ ಎಷ್ಟು ನೀರಿದ್ದರೂ ಗಿಡಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. 60 ಸೆಂ.ಮೀ. ಅಗಲದ ದುಂಡನೆಯ ಟಬ್ಬಿನಲ್ಲಿ 40 ಸೆಂ.ಮೀ. ನೀರು ನಿಲ್ಲಿಸಿದರೆ ಸುಮಾರು 113 ಲೀಟರ್ ಹಿಡಿಯುತ್ತದೆ. 45 ಸೆಂ.ಮೀ. ಅಗಲದ ಟಬ್ಬಿನಲ್ಲಿ 30 ಸೆಂ.ಮೀ. ನೀರಿದ್ದರೆ ಅದು 48 ಲೀಟರ್ ಮಾತ್ರ. ಇವೆರಡರ ನಡುವೆ ನೋಟಕ್ಕೆ ಅಷ್ಟೇನೂ ಅಂತರ ಕಾಣದಿದ್ದರೂ ಕಡಿಮೆ ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ, ಅದರಲ್ಲಿ ಪಾಚಿಯೂ ಬೇಗ ಹುಟ್ಟುತ್ತದೆ. ಹೊಸಬರು ಚಿಕ್ಕದರಿಂದ ಆರಂಭಿಸುವುದು ಸುಲಭವೆಂದು ತಿಳಿಯುತ್ತಾರೆ. ನೀರುತೋಟದಲ್ಲಿ ಮಾತ್ರ ಇದು ತಿರುಗುಮುರುಗು, ಇದ್ದ ಜಾಗದಲ್ಲಿ ಹಿಡಿಸುವಷ್ಟು ದೊಡ್ಡ ತೊಟ್ಟಿಯೇ ಸುಲಭ. ಆದರೆ ನೂರು ಲೀಟರ್ ನೀರೆಂದರೆ ನೂರು ಕಿಲೋ ತೂಕ. ಮಣ್ಣು, ಜಲ್ಲಿ, ತೊಟ್ಟಿಯ ತೂಕ ಅದರ ಮೇಲೆ. ಬಾಲ್ಕನಿಯಲ್ಲಿ ಇಡುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು, ಏಕೆಂದರೆ ತುಂಬಿದ ತೊಟ್ಟಿಯನ್ನು ಆಮೇಲೆ ಸರಿಸಲಾಗುವುದಿಲ್ಲ.

ತೊಟ್ಟಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದೂ ಗಿಡಕ್ಕೆ ಸಂಬಂಧಿಸಿದ ವಿಷಯವೇ. ಹೊಸ ಸಿಮೆಂಟ್ ತೊಟ್ಟಿ ನೀರಿಗೆ ಸುಣ್ಣದ ಅಂಶ ಬಿಟ್ಟುಕೊಂಡು ಕ್ಷಾರತೆಯನ್ನು ಹೆಚ್ಚಿಸುವುದರಿಂದ, ಗಿಡ ಇಡುವ ಮೊದಲು ಕೆಲವು ವಾರ ನೀರು ತುಂಬಿ, ಚೆಲ್ಲಿ, ಮತ್ತೆ ತುಂಬಿ ಹದ ಮಾಡಬೇಕು. ತಾಮ್ರದ ಪಾತ್ರೆ ಎಷ್ಟೇ ಚೆಲುವಾಗಿದ್ದರೂ ಬೇಡ. ನೀರಿನಲ್ಲಿ ಕರಗುವ ತಾಮ್ರ ಗಿಡಗಳಿಗೂ ಮೀನಿಗೂ ವಿಷ. ಕಪ್ಪು ಬಣ್ಣದ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ಗಾಢವಾಗಿ ಕಂಡು ಹೂವಿಗೆ ಮೆರುಗು ಬರುವುದೇನೋ ನಿಜ, ಆದರೆ ಬಿರುಬಿಸಿಲಿನಲ್ಲಿ ಅದರ ಹೊರಮೈ ಕಾದು ಒಳಗಿನ ಬೇರು ಬೇಯುವ ಅಪಾಯವಿದೆ.

ಬಿಸಿಲನ್ನು ಊಹಿಸದೆ ಎಣಿಸಬೇಕು. ಮೋಡವಿಲ್ಲದ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಹೋಗಿ ಆ ಜಾಗದ ಮೇಲೆ ನೇರ ಬಿಸಿಲು ಇದೆಯೇ ಎಂದು ನೋಡಿ ಗುರುತು ಹಾಕಿಕೊಳ್ಳಿ. ಬೆಳಕಿದ್ದರೆ ಸಾಲದು, ನೆರಳು ಸ್ಪಷ್ಟವಾಗಿ ಬೀಳಬೇಕು. ಆರು ಗಂಟೆ ಅಥವಾ ಹೆಚ್ಚು ಬಿಸಿಲು ಸಿಕ್ಕರೆ ನೈದಿಲೆ, ತಾವರೆ ಎರಡೂ ಸಾಧ್ಯ. ನಾಲ್ಕು ಗಂಟೆಯಾದರೆ ಆಯ್ಕೆ ಒಂದೆರಡು ತಳಿಗಳಿಗೆ ಇಳಿಯುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಹೂವಿನ ಆಸೆಯನ್ನು ಬಿಟ್ಟು ಎಲೆಯ ಚೆಲುವಿಗೆ ಒಲಿಯುವುದೇ ಜಾಣತನ.

ನೈದಿಲೆ

ಚಿಕ್ಕ ತೊಟ್ಟಿಯ ಮುಖ್ಯ ಗಿಡ ನೈದಿಲೆಯೇ ಆಗಿರುವುದು ಹೆಚ್ಚು. ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಪೂರ್ತಿ ಬೆಳೆದಾಗ ಇದರ ಎಲೆಗಳು ಎಷ್ಟು ಅಗಲಕ್ಕೆ ಹರಡುತ್ತವೆ ಎಂಬುದು. ನೀರಿನ ಮೇಲ್ಮೈಯ ಅರ್ಧದಿಂದ ಮೂರರಲ್ಲಿ ಎರಡು ಪಾಲಿನಷ್ಟು ಎಲೆಯಿಂದ ಮುಚ್ಚಿರಬೇಕೆಂಬುದು ತೋಟಗಾರರು ಬಹುಕಾಲದಿಂದ ಪಾಲಿಸುವ ಲೆಕ್ಕ. ಅಷ್ಟು ಮುಚ್ಚಿದರೆ ನೀರಿಗೆ ನೆರಳಾಗಿ ಪಾಚಿ ಹಿಡಿತದಲ್ಲಿರುತ್ತದೆ; ಪೂರ್ತಿ ಮುಚ್ಚಿದರೆ ಒಳಗಿನ ಗಿಡಗಳಿಗೆ ಬೆಳಕಿಲ್ಲ, ನೀರು ಕಾಣುವುದೂ ಇಲ್ಲ. 60 ಸೆಂ.ಮೀ. ಅಗಲದ ತೊಟ್ಟಿಯಲ್ಲಿ 45 ಸೆಂ.ಮೀ. ಹರಡುವ ಒಂದೇ ನೈದಿಲೆ ಮೇಲ್ಮೈಯ ಸುಮಾರು ಶೇ. 56ರಷ್ಟನ್ನು ಮುಚ್ಚುತ್ತದೆ, ಅಂದರೆ ಲೆಕ್ಕ ಅಲ್ಲಿಗೇ ತುಂಬಿತು. ಎರಡನೆಯ ನೈದಿಲೆಗೆ ಅಲ್ಲಿ ಜಾಗವಿಲ್ಲ. ಬಣ್ಣ ಬೇರೆಯದೆಂಬ ಕಾರಣಕ್ಕೆ ಒಂದೇ ಟಬ್ಬಿನಲ್ಲಿ ಎರಡು ನೈದಿಲೆ ನೆಡುವವರನ್ನು ತಡೆಯುವುದು ಕಷ್ಟ, ಆದರೆ ಹಾಗೆ ನೆಟ್ಟ ಎರಡರಲ್ಲಿ ಬಲವಾದದ್ದು ಮಾತ್ರ ಉಳಿಯುತ್ತದೆ.

ನೈದಿಲೆಗಳಲ್ಲಿ ಚಳಿ ತಾಳುವವು ಮತ್ತು ಉಷ್ಣವಲಯದವು ಎಂಬ ಎರಡು ದೊಡ್ಡ ಗುಂಪುಗಳಿವೆ. ಚಳಿ ತಾಳುವ ನೈದಿಲೆಯ ಹೂ ಸಾಮಾನ್ಯವಾಗಿ ನೀರಿಗೆ ಅಂಟಿಕೊಂಡಂತೆ ತೇಲುತ್ತದೆ. ಗಡ್ಡೆ ಹೆಪ್ಪುಗಟ್ಟದಿದ್ದರೆ ಚಳಿಗಾಲದಲ್ಲಿ ನಿದ್ರೆಗೆ ಜಾರಿ ಮತ್ತೆ ಚಿಗುರುತ್ತದೆ. ಉಷ್ಣವಲಯದ ನೈದಿಲೆ ನೀರಿನಿಂದ ಮೇಲಕ್ಕೆ ದೇಟು ಎತ್ತಿ ಹೂ ಬಿಡುತ್ತದೆ, ಸುವಾಸನೆ ಹೆಚ್ಚು, ನೀಲಿ ಮತ್ತು ನೇರಳೆ ಬಣ್ಣಗಳು ಸಿಗುವುದು ಮುಖ್ಯವಾಗಿ ಈ ಗುಂಪಿನಲ್ಲೇ. ಆದರೆ ನೀರು ಸುಮಾರು 21 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಅದು ಬೆಳೆಯಲು ಮನಸ್ಸು ಮಾಡುವುದಿಲ್ಲ.

ಚಳಿ ತಾಳುವ ಕುಬ್ಜ ತಳಿಗಳಲ್ಲಿ ‘ಹೆಲ್ವೋಲಾ’ ಹೆಸರುವಾಸಿ. ಅಂಗೈಗಿಂತ ಚಿಕ್ಕದಾದ, ಕಂದು ಮಚ್ಚೆಗಳಿರುವ ಎಲೆ, ಸುಮಾರು 5 ಸೆಂ.ಮೀ. ಅಗಲದ ತಿಳಿಹಳದಿ ಹೂ, ಮಣ್ಣಿನ ಮೇಲೆ 15ರಿಂದ 25 ಸೆಂ.ಮೀ. ನೀರು, 45 ಸೆಂ.ಮೀ. ಟಬ್ಬಿಗೂ ಇದು ಹೊಂದುತ್ತದೆ. ಕೆಂಪು ಬೇಕೆಂದರೆ ‘ಪೆರಿಸ್ ಬೇಬಿ ರೆಡ್’, ಗುಲಾಬಿ ಬೇಕೆಂದರೆ ‘ಜೋಆನ್ ಪ್ರಿಂಗ್’ ಇವೆ. ಇಂದು ಕಾಣುವ ಬಣ್ಣಬಣ್ಣದ ಚಳಿ ತಾಳುವ ನೈದಿಲೆಗಳ ಹಿಂದೆ ಫ್ರಾನ್ಸಿನ ಲಾಟೂರ್-ಮಾರ್ಲಿಯಾಕ್ 19ನೆಯ ಶತಮಾನದಲ್ಲಿ ನಡೆಸಿದ ತಳಿಸಂಕರದ ಕೆಲಸವಿದೆ. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಅವರು ಅವುಗಳನ್ನು ಜನರ ಮುಂದಿಟ್ಟರು. ಆದರೆ ಆ ಕಾಲದಿಂದ ಬಂದ ಪ್ರಸಿದ್ಧ ತಳಿಗಳಲ್ಲಿ ಅನೇಕವು ಕೊಳಕ್ಕೆಂದೇ ಇರುವವು. ಉದಾಹರಣೆಗೆ ‘ಅಟ್ರಾಕ್ಷನ್’ ಎಂಬುದು ಒಂದು ಮೀಟರ್‌ಗೂ ಹೆಚ್ಚು ಹರಡುತ್ತದೆ, ಆದ್ದರಿಂದ ಹೆಸರು ಕೇಳಿಬಲ್ಲೆವೆಂಬ ಒಂದೇ ಕಾರಣಕ್ಕೆ ಕೊಳ್ಳಬಾರದು.

ಉಷ್ಣವಲಯದ ಗುಂಪಿನಲ್ಲಿ ಚಿಕ್ಕ ತೊಟ್ಟಿಗೆ ನಾನು ಮೊದಲು ಹೇಳುವ ಹೆಸರು ‘ಡಾಬೆನ್’. ಇದು ತೊಟ್ಟಿಯ ಅಳತೆಗೆ ತಕ್ಕಂತೆ ತನ್ನನ್ನು ಕುಗ್ಗಿಸಿಕೊಳ್ಳುತ್ತದೆ, ಉಳಿದವು ಮುನಿಸಿಕೊಳ್ಳುವ ನಾಲ್ಕು ಗಂಟೆಯ ಬಿಸಿಲಿನಲ್ಲೂ ತಿಳಿನೀಲಿಯ ಹೂ ಬಿಡುತ್ತದೆ. ಇದರ ಹಳೆಯ ಎಲೆಯೊಂದನ್ನು ಹತ್ತಿರದಿಂದ ನೋಡಿದರೆ, ದೇಟು ಎಲೆಗೆ ಸೇರುವ ಮಧ್ಯದ ಬಿಂದುವಿನಲ್ಲಿ ಮೊದಲು ಒಂದು ಪುಟ್ಟ ಗಂಟು, ಆಮೇಲೆ ಉಗುರಿನಷ್ಟು ಚಿಕ್ಕ ಎಲೆಗಳು, ಕೆಳಗೆ ದಾರದಂಥ ಬೇರುಗಳು ಮೂಡಿರುವುದು ಕಾಣುತ್ತದೆ. ತಾಯಿಯೆಲೆ ಕೊಳೆತ ಮೇಲೆ ಆ ಮರಿಗಿಡ ತಾನೇ ಬಿಡಿಸಿಕೊಂಡು ತೇಲುತ್ತದೆ. ಅದನ್ನು ಎತ್ತಿ ಬೇರೆ ಕುಂಡದಲ್ಲಿ ಊರಿದರೆ ಹೊಸ ಗಿಡ ಸಿದ್ಧ.

ಹೂ ಅರಳುವ ಹೊತ್ತಿನ ಕಡೆಗೂ ಗಮನವಿರಲಿ. ಹಗಲು ಅರಳುವ ನೈದಿಲೆ ಬೆಳಗ್ಗೆ ತೆರೆದು ಮಧ್ಯಾಹ್ನದ ಬಳಿಕ ಮುಚ್ಚಿಕೊಳ್ಳುತ್ತದೆ; ಬೆಳಗ್ಗೆ ಹೊರಟು ಸಂಜೆ ಮನೆ ಸೇರುವವರು ಅದನ್ನು ರಜೆಯ ದಿನ ಮಾತ್ರ ನೋಡಬಲ್ಲರು. ರಾತ್ರಿ ಅರಳುವವು ಉಷ್ಣವಲಯದ ಗುಂಪಿನಲ್ಲಿವೆ, ಆದರೆ ಹೆಚ್ಚಿನವು ದೊಡ್ಡ ಗಾತ್ರದವು, 75 ಸೆಂ.ಮೀ.ಗಿಂತ ಕಿರಿದಾದ ತೊಟ್ಟಿಗೆ ಅವನ್ನು ಸೂಚಿಸಲಾರೆ. ಇನ್ನೊಂದು ಮಾತು: ಎಲೆಯ ಮೇಲೆ ನೀರು ಎರಚುವುದಾಗಲಿ ಸದಾ ಅಲೆಯೇಳುವುದಾಗಲಿ ನೈದಿಲೆಗೆ ಆಗದು. ಅದು ಉಸಿರಾಡುವ ರಂಧ್ರಗಳು ಎಲೆಯ ಮೇಲ್ಮೈಯಲ್ಲಿರುತ್ತವೆ, ಆ ಮುಖ ಒಣಗಿರಬೇಕು. ಚಿಕ್ಕ ತೊಟ್ಟಿಯಲ್ಲಿ ಕಾರಂಜಿ ಇಡಬೇಕೆನ್ನುವವರು ನೈದಿಲೆಯನ್ನು ಮರೆಯುವುದು ಒಳಿತು.

ತಾವರೆ

ನೈದಿಲೆಯ ಎಲೆಯಲ್ಲಿ ಅಂಚಿನಿಂದ ದೇಟಿನವರೆಗೆ ಒಂದು ಸೀಳು ಇರುತ್ತದೆ, ತಾವರೆಯ ಎಲೆ ಸೀಳಿಲ್ಲದೆ ದುಂಡಗಿದ್ದು ನೀರಿನಿಂದ ಮೇಲಕ್ಕೆ ನಿಲ್ಲುತ್ತದೆ. ಮಾರುವವರು ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದು ಉಂಟಾದ್ದರಿಂದ ಈ ಗುರುತು ತಿಳಿದಿರಬೇಕು. ಸಾಮಾನ್ಯ ತಾವರೆ ಚಿಕ್ಕ ತೊಟ್ಟಿಗೆ ತಕ್ಕದ್ದಲ್ಲ. ಬೌಲ್ ಲೋಟಸ್ ಎಂದು ಕರೆಯುವ ಕುಬ್ಜ ತಳಿಗಳಾದರೆ 25–30 ಸೆಂ.ಮೀ. ಅಗಲದ ಕುಂಡದಲ್ಲೂ ಹೂ ಬಿಡುತ್ತವೆ.

ತಾವರೆಗೆ ಒಂದು ತೊಟ್ಟಿಯನ್ನು ಪೂರ್ತಿ ಬಿಟ್ಟುಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬೇರುಕಾಂಡ ಮಣ್ಣಿನೊಳಗೆ ಅಂಚನ್ನು ಸುತ್ತಿ ಸುತ್ತಿ ಓಡುತ್ತದೆ. ಚೌಕ ತೊಟ್ಟಿಯ ಮೂಲೆಗೆ ಸಿಕ್ಕ ತುದಿ ಮುರಿದು ಕೊಳೆಯುವ ಸಂಭವವಿರುವುದರಿಂದ ದುಂಡನೆಯ ಪಾತ್ರೆಯೇ ಬೇಕು. ತಳದಲ್ಲಿ ತೂತಿದ್ದರೆ ಬೇರುಕಾಂಡ ಅದರೊಳಗಿಂದಲೇ ಹೊರಗೆ ನುಗ್ಗುತ್ತದೆ. ಮಣ್ಣಿನ ಮೇಲೆ 5ರಿಂದ 15 ಸೆಂ.ಮೀ. ನೀರು ಸಾಕು. ಮೊದಲು ಬರುವ ನಾಣ್ಯದಂಥ ತೇಲೆಲೆಗಳನ್ನು ಕಂಡು ಗೊಬ್ಬರ ಹಾಕಬಾರದು, ನೆಟ್ಟಗೆ ನಿಲ್ಲುವ ಎಲೆ ಬಂದ ಮೇಲೆ ಹಾಕಬೇಕು. ದೇಟು ಒಳಗೆ ಪೊಳ್ಳಾಗಿರುವುದರಿಂದ ಒಣಗಿದ ಎಲೆಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಎಂದೂ ಕತ್ತರಿಸಬಾರದು. ಅಲ್ಲಿಂದ ನೀರಿಳಿದರೆ ಗಡ್ಡೆ ಕೊಳೆಯುತ್ತದೆ. ಬೀಜದಿಂದ ಬೆಳೆಸಲು ಹೊರಡುವವರಿಗೆ ಎಚ್ಚರಿಕೆ: ಗಟ್ಟಿಸಿಪ್ಪೆಯನ್ನು ಉಜ್ಜಿ ಒಳಗಿನ ಬಿಳಿ ಕಾಣುವಂತೆ ಮಾಡಿದರೆ ಬೀಜ ಬೇಗ ಮೊಳೆಯುತ್ತದೆ ನಿಜ, ಆದರೆ ಹುಟ್ಟುವ ಗಿಡ ಕುಬ್ಜವಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಹೆಸರುಳ್ಳ ತಳಿ ಬೇಕೆಂದರೆ ಗಡ್ಡೆಯನ್ನೇ ಕೊಳ್ಳಬೇಕು.

ಅಂಚಿನ ಗಿಡಗಳು

ನೀರಿನ ಮೇಲೆ ಹರಡುವ ಎಲೆಗಳ ಪಕ್ಕದಲ್ಲಿ ನೆಟ್ಟಗೆ ನಿಲ್ಲುವ ಒಂದು ಗಿಡವಿದ್ದರೆ ತೊಟ್ಟಿಗೆ ರೂಪ ಬರುತ್ತದೆ. ಇಲ್ಲಿಯೂ ಎತ್ತರದ ವಿಚಾರದಲ್ಲಿ ಕೈ ಬಿಗಿಹಿಡಿಯಬೇಕು. ಅಂಬ್ರೆಲ್ಲಾ ಪಾಮ್ ಎಂದು ಮಾರುವ ಸೈಪರಸ್ ಒಂದು ಮೀಟರ್ ದಾಟಿ ಬೆಳೆಯುತ್ತದೆ, ಗಾಳಿ ಬೀಸುವ ಕಡೆ ಹಗುರ ಟಬ್ಬನ್ನು ವಾಲಿಸಿಬಿಡುತ್ತದೆ. ಅದರ ಬದಲು ಕುಬ್ಜ ಪಪೈರಸ್ ಒಪ್ಪುತ್ತದೆ. ಜೊಂಡು ಬೇಕೆಂದರೆ ಆಳೆತ್ತರ ಮೀರುವ ದೊಡ್ಡ ಜಾತಿಯನ್ನು ಬಿಟ್ಟು ಟೈಫಾ ಮಿನಿಮಾ ಎಂಬ ಸಣ್ಣ ಜಾತಿಯನ್ನು ಕೇಳಬೇಕು. ಬಜೆಯ ಹತ್ತಿರದ ಸಂಬಂಧಿಯಾದ ಅಕೋರಸ್ ಗ್ರಾಮಿನಿಯಸ್ ಒಂದಡಿಯ ಒಳಗೇ ಉಳಿಯುವ, ಹುಲ್ಲಿನಂಥ ಎಲೆಯ ಗಿಡ. ನೆರಳಿನಲ್ಲಿ ಇದಕ್ಕಿಂತ ನಂಬಿಗಸ್ತ ಗಿಡ ನನಗೆ ತೋಚದು. ಪಿಕೆರಲ್ ಎಂಬ ಪಾಂಟೆಡೇರಿಯಾದ ನೀಲಿ ತೆನೆಗೆ ಜೇನ್ನೊಣಗಳು ಬರುತ್ತವೆ, 60 ಸೆಂ.ಮೀ. ತೊಟ್ಟಿಯಲ್ಲಿ ಅದೊಂದಿದ್ದರೆ ಬೇರೆ ಎತ್ತರದ ಗಿಡ ಬೇಡ. ಕೆಸು, ಕಾಬಾಳೆಗಳೂ ನೀರಿನಲ್ಲಿ ಚೆನ್ನಾಗಿ ಬರುತ್ತವೆ, ಆದರೆ ಅವುಗಳ ಅಗಲ ಎಲೆಗಳು ನೈದಿಲೆಗೆ ಬೀಳಬೇಕಾದ ಬಿಸಿಲನ್ನು ತಡೆಯುತ್ತವೆ.

ತೊಟ್ಟಿಯ ಅಂಚನ್ನು ಮರೆಮಾಡಲು ನೀರುಬ್ರಾಹ್ಮಿಯನ್ನು ನೆಟ್ಟರೆ ಅದು ಹೊರಗೆ ಇಳಿಬೀಳುತ್ತ, ಚಿಕ್ಕ ಬಿಳಿ ಹೂ ಬಿಡುತ್ತ ಹಬ್ಬುತ್ತದೆ. ಅಂಚಿನ ಗಿಡಗಳಿಗೆಲ್ಲ ಮಣ್ಣಿನ ಮೇಲೆ 2ರಿಂದ 5 ಸೆಂ.ಮೀ. ನೀರಿದ್ದರೆ ಸಾಕು, ಹಾಗಾಗಿ ಅವುಗಳ ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತರಿಸಿಡಬೇಕು. ಒಂದೊಂದೂ ತನ್ನದೇ ಕುಂಡದಲ್ಲಿರಲಿ; ತೊಟ್ಟಿಯ ತಳಕ್ಕೇ ಮಣ್ಣು ಹರಡಿ ನೆಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದು, ಒಂದನ್ನು ತೆಗೆಯಹೋದರೆ ಎಲ್ಲವೂ ಏಳುತ್ತವೆ.

ನೀರೊಳಗಿನವು ಮತ್ತು ತೇಲುವವು

ನೀರೊಳಗೆ ಮುಳುಗಿ ಬೆಳೆಯುವ ಗಿಡಗಳು ಕಣ್ಣಿಗೆ ಹೆಚ್ಚು ಬೀಳುವುದಿಲ್ಲ, ಆದರೆ ನೀರು ತಿಳಿಯಾಗಿರುವುದು ಅವುಗಳಿಂದ. ಪಾಚಿ ತಿನ್ನಬಹುದಾದ ಪೋಷಕಾಂಶಗಳನ್ನು ಅವೇ ಮೊದಲು ಹೀರಿಕೊಳ್ಳುತ್ತವೆ. ಆಮ್ಲಜನಕ ಬಿಡುವುದು ಬೆಳಕಿರುವಾಗ ಮಾತ್ರ. ರಾತ್ರಿ ಅವೂ ಅದನ್ನು ಬಳಸಿಕೊಳ್ಳುವುದರಿಂದ ಮೀನಿರುವ ತೊಟ್ಟಿಯಲ್ಲಿ ಇವನ್ನು ಕಿಕ್ಕಿರಿದು ತುಂಬಬಾರದು. ಒಂದು ಚದರಡಿ ನೀರಿಗೆ ಒಂದು ಕಟ್ಟು ಎಂಬ ಲೆಕ್ಕದಲ್ಲಿ 60 ಸೆಂ.ಮೀ. ತೊಟ್ಟಿಗೆ ಮೂರು ಕಟ್ಟು ಸಾಕು. ಬೇರೇ ಇಲ್ಲದ ಹಾರ್ನ್‌ವರ್ಟ್‌ ಅನ್ನು ಸುಮ್ಮನೆ ನೀರಿಗೆ ಬಿಡಬಹುದು. ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯಾವನ್ನು ಜಲ್ಲಿಯ ಕುಂಡದಲ್ಲಿ ಊರಬೇಕು.

ತೇಲುವ ಗಿಡಗಳು ಅಗ್ಗ, ನೆಡುವ ಶ್ರಮವಿಲ್ಲ, ನೋಡಲು ಚೆನ್ನ. ಹಾಗಿದ್ದೂ ಚಿಕ್ಕ ತೊಟ್ಟಿಗೆ ಇವು ಕಾಯಂ ನಿವಾಸಿಗಳಾಗಬಾರದು. ಅಂತರಗಂಗೆ, ವಾಟರ್ ಹಯಸಿಂತ್, ಸಾಲ್ವಿನಿಯಾ, ಅಜೋಲಾ ಇವೆಲ್ಲ ಬಿಸಿಲೂ ಪೋಷಕಾಂಶವೂ ಸಿಕ್ಕರೆ ವಾರಗಳಲ್ಲಿ ಇಮ್ಮಡಿಯಾಗುತ್ತವೆ. ಅಜೋಲಾ ತನ್ನೊಳಗಿನ ಸೂಕ್ಷ್ಮಜೀವಿಯ ನೆರವಿನಿಂದ ಗಾಳಿಯ ಸಾರಜನಕವನ್ನೂ ಬಳಸಿಕೊಳ್ಳುವುದರಿಂದ ಅದಕ್ಕೆ ಹಸಿವಿನ ತಡೆಯೂ ಕಡಿಮೆ. ನೈದಿಲೆ ಇನ್ನೂ ಎಲೆ ಹರಡದಿರುವ ಮೊದಲ ಕೆಲವು ವಾರ ನೆರಳಿಗೆಂದು ನಾಲ್ಕಾರು ಬಿಟ್ಟು, ಆಮೇಲೆ ಎಲ್ಲವನ್ನೂ ತೆಗೆದುಬಿಡುವುದು ಇವುಗಳ ಸರಿಯಾದ ಉಪಯೋಗ. ಅದಕ್ಕೂ ಮೊದಲು ಆಯಾ ದೇಶದ ಕಾನೂನನ್ನು ನೋಡಬೇಕು. ಅಮೆಜಾನ್ ಪ್ರದೇಶದಿಂದ ಹೊರಟು ಲೋಕದ ಜಲಾಶಯಗಳನ್ನು ಮುತ್ತಿದ ವಾಟರ್ ಹಯಸಿಂತ್‌ನ ಮಾರಾಟವನ್ನು ಐರೋಪ್ಯ ಒಕ್ಕೂಟ 2016ರಲ್ಲಿ ನಿಷೇಧಿಸಿತು. ಮುಳುಗುಗಿಡಗಳಲ್ಲಿ ಹೈಡ್ರಿಲ್ಲಾ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ.

ಕೊಳ್ಳುವಾಗ ಮತ್ತು ನೆಡುವಾಗ

ನೈದಿಲೆಯ ಗಡ್ಡೆಯನ್ನು ಕೈಗೆತ್ತಿಕೊಂಡು ಒತ್ತಿ ನೋಡಬೇಕು. ಆರೋಗ್ಯವಂತ ಗಡ್ಡೆ ಗಟ್ಟಿಯಾಗಿರುತ್ತದೆ; ಬೆರಳು ಒಳಗಿಳಿದರೆ, ಕೊಳೆತ ವಾಸನೆ ಬಂದರೆ ಹಿಂದಿರುಗಿಸಿ. ಗಡ್ಡೆಯ ಉದ್ದಕ್ಕಿಂತ ಅದರ ತುದಿಯ ಚಿಗುರು ಮುಖ್ಯ, ಅದು ಮುರಿದಿದ್ದರೆ ಗಿಡ ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಎಲೆಯನ್ನು ಮಗುಚಿ ಹಿಂಬದಿ ನೋಡಿದಾಗ ಲೋಳೆಯ ಪಟ್ಟಿಯಲ್ಲಿ ಸಣ್ಣ ಚುಕ್ಕೆಗಳು ಕಂಡರೆ ಅವು ಬಸವನಹುಳುವಿನ ಮೊಟ್ಟೆಗಳು. ತಂದ ಗಿಡವನ್ನು ತೊಳೆದು, ಎರಡು ವಾರ ಬಿಳಿಯ ಬಕೆಟ್ಟಿನ ನೀರಿನಲ್ಲಿ ಪ್ರತ್ಯೇಕವಾಗಿಡುವುದು ಒಳ್ಳೆಯ ಅಭ್ಯಾಸ. ಬಿಳಿಯ ಹಿನ್ನೆಲೆಯಲ್ಲಿ ಹುಳುಮರಿಯೂ ಜೊತೆಗೆ ಬಂದ, ನೀರಿನ ಮೇಲೆ ತೇಲುವ ಪುಟ್ಟ ಕಳೆಯಾದ ಡಕ್‌ವೀಡ್‌ನ ಒಂದೇ ಒಂದು ಎಲೆಯೂ ಕಣ್ಣಿಗೆ ಬೀಳುತ್ತದೆ. ಆ ಒಂದು ಎಲೆ ತೊಟ್ಟಿ ಸೇರಿದರೆ ಅದನ್ನು ಪೂರ್ತಿ ತೊಲಗಿಸುವುದು ಬಹಳ ಕಷ್ಟ.

ನೆಡಲು ಜಿಗುಟು ತೋಟದ ಮಣ್ಣು ಸಾಕು. ಕುಂಡಗಳಿಗೆಂದು ಮಾರುವ ಮಿಶ್ರಣದಲ್ಲಿ ತೆಂಗಿನನಾರಿನ ಪುಡಿ, ಪರ್ಲೈಟ್ ಎಂಬ ಹಗುರ ಬಿಳಿ ಹರಳುಗಳು ಇರುವುದರಿಂದ ಅವು ತೇಲಿಬರುತ್ತವೆ. ಕಾಂಪೋಸ್ಟ್, ಸಗಣಿಗೊಬ್ಬರಗಳು ನೀರನ್ನು ಕೆಡಿಸುತ್ತವೆ. ಚಳಿ ತಾಳುವ ನೈದಿಲೆಯ ಗಡ್ಡೆ ಒಂದೇ ದಿಕ್ಕಿಗೆ ಸರಿದು ಬೆಳೆಯುತ್ತದೆ, ಆದ್ದರಿಂದ ಅದನ್ನು ಕುಂಡದ ಒಂದು ಬದಿಗೆ ಓರೆಯಾಗಿಟ್ಟು ಚಿಗುರು ಮಧ್ಯದ ಕಡೆ ನೋಡುವಂತೆ, ಮಣ್ಣಿನಿಂದ ತುಸು ಹೊರಗಿರುವಂತೆ ನೆಡಬೇಕು; ಉಷ್ಣವಲಯದ್ದನ್ನು ಮಧ್ಯದಲ್ಲಿ ನೆಡಬೇಕು. ಮೇಲೆ 2 ಸೆಂ.ಮೀ. ಜಲ್ಲಿ ಹರಡಿ, ಕುಂಡವನ್ನು ಚೆನ್ನಾಗಿ ನೆನೆಸಿ, ಓರೆಯಾಗಿ ನಿಧಾನಕ್ಕೆ ಇಳಿಸಿದರೆ ಮಣ್ಣು ಕದಡುವುದಿಲ್ಲ. ಮೊದಲು ಇಟ್ಟಿಗೆಯ ಮೇಲಿಟ್ಟು, ದೇಟುಗಳು ಉದ್ದವಾದಂತೆ ಕೆಳಗಿಳಿಸಬೇಕು. ನೀರುಗಿಡಗಳ ಗೊಬ್ಬರದ ಮಾತ್ರೆಯನ್ನು ಬೇರಿನ ಹತ್ತಿರ ಆಳಕ್ಕೆ ಒತ್ತಬೇಕು. ನೀರಿಗೆ ಹಾಕಿದ ಗೊಬ್ಬರ ಪಾಚಿಗೆ ಊಟ.

ನಲ್ಲಿ ನೀರನ್ನು ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ನೀರು ಶುದ್ಧೀಕರಿಸಲು ಕ್ಲೋರಿನ್ ಬದಲು ಕ್ಲೋರಮೈನ್ ಬಳಸುವ ಕಡೆ ಅದು ಹಾಗೆ ಹೋಗದು, ಅದನ್ನು ನಿವಾರಿಸುವ ದ್ರಾವಣ ಬೇಕಾಗುತ್ತದೆ. ಹೊಸ ತೊಟ್ಟಿಯ ನೀರು ಮೊದಲ ಕೆಲವು ವಾರ ಹಸಿರಾಗುವುದು ಸಹಜ. ಆಗ ನೀರು ಬದಲಿಸಿದರೆ ಹೊಸ ನೀರಿನೊಂದಿಗೆ ಹೊಸ ಪೋಷಕಾಂಶ ಬಂದು ಹಸಿರು ಮತ್ತೆ ಏರುತ್ತದೆ, ಆದ್ದರಿಂದ ಆವಿಯಾದಷ್ಟನ್ನು ತುಂಬುತ್ತ ಎಲೆ ಹರಡುವವರೆಗೆ ಕಾಯಬೇಕು.

ನಿಂತ ನೀರೆಂದರೆ ಸೊಳ್ಳೆಯ ಮಾತು ಬಂದೇ ಬರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ನಾಲ್ಕಾರು ಗಪ್ಪಿಗಳು ಹುಳುಮರಿಗಳನ್ನು ತಿಂದು ಮುಗಿಸುತ್ತವೆ; ಮೀನು ಬೇಡವೆಂದರೆ ಹುಳುಮರಿಗಳನ್ನು ಕೊಲ್ಲುವ ಬಿ.ಟಿ.ಐ. ಎಂಬ ಬ್ಯಾಕ್ಟೀರಿಯಾದ ಮಾತ್ರೆಗಳು ಸಿಗುತ್ತವೆ, ಅವು ಗಿಡಕ್ಕೆ ಹಾನಿಮಾಡುವುದಿಲ್ಲ. ಗೋಲ್ಡ್‌ಫಿಶ್ ಕುಂಡದ ಮಣ್ಣು ಕೆದಕಿ ಬೇರು ಬಿಡಿಸುವುದರಿಂದ ಚಿಕ್ಕ ತೊಟ್ಟಿಗೆ ಒಗ್ಗದು.

ನೈದಿಲೆಯ ಎಲೆಗಳು ತೇಲುವುದನ್ನು ಬಿಟ್ಟು ಒಂದರ ಮೇಲೊಂದು ನೀರಿನಿಂದ ಮೇಲೇಳತೊಡಗಿದರೆ, ಹೂವಿನ ಸಂಖ್ಯೆ ಇಳಿದರೆ, ಗಡ್ಡೆ ಕುಂಡ ತುಂಬಿದೆಯೆಂದು ತಿಳಿಯಬೇಕು. ಕುಬ್ಜ ತಳಿಗಳಲ್ಲಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಬೆಳವಣಿಗೆಯ ಕಾಲ ಆರಂಭವಾಗುವಾಗ ಗಡ್ಡೆಯನ್ನು ಹೊರತೆಗೆದು, ಬಲವಾದ ಚಿಗುರಿರುವ ತುದಿಯನ್ನು ಗೇಣಿಗಿಂತ ಕಡಿಮೆ ಉದ್ದಕ್ಕೆ ಹರಿತವಾದ ಚಾಕುವಿನಿಂದ ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಿ. ಉಳಿದ ಹಳೆಯ ಗಡ್ಡೆ, ತೆಗೆದ ತೇಲುಗಿಡ, ಕತ್ತರಿಸಿದ ಮುಳುಗುಗಿಡದ ತುಂಡುಗಳನ್ನು ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಹಸಿಯಾಗಿ ಕೆರೆಗಾಗಲಿ ಚರಂಡಿಗಾಗಲಿ ಎಸೆಯಬಾರದು.